ಸೇವೆಯಲ್ಲಿರುವವರ ದಣಿವಿಗೊಂದು ಲೆಕ್ಕಪುಸ್ತಕ: ಮಲೆನಾಡಿನ ಚರ್ಚುಗಳಿಗೆ ಕೈಪಿಡಿ

ಮಾನಸಿಕ ಆರೋಗ್ಯದ ಬಗ್ಗೆ ಏನಾದರೂ ಮಾಡಬೇಕೆಂದು ತೀರ್ಮಾನಿಸುವ ಚರ್ಚುಗಳು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ, ಶಿವಮೊಗ್ಗದಿಂದಲೋ ಮಂಗಳೂರಿನಿಂದಲೋ ಒಬ್ಬ ಆಪ್ತಸಮಾಲೋಚಕರನ್ನು ಕರೆಸಿ ಭಾನುವಾರದ ಆರಾಧನೆ ಮುಗಿದ ಮೇಲೆ ಒಂದೂವರೆ ಗಂಟೆಯ ಉಪನ್ಯಾಸ ಏರ್ಪಡಿಸುವುದು. ಉಪನ್ಯಾಸ ಚೆನ್ನಾಗಿಯೇ ಇರುತ್ತದೆ. ಆದರೆ ಅಷ್ಟು ಹೊತ್ತೂ ಹಿಂದಿನ ಕೋಣೆಯಲ್ಲಿ ಎಂಬತ್ತು ಜನಕ್ಕೆ ಕಾಫಿ ಕಾಯಿಸುತ್ತಿದ್ದ ಹೆಂಗಸರು ಅದರ ಒಂದು ಮಾತನ್ನೂ ಕೇಳಿರುವುದಿಲ್ಲ, ಮತ್ತು ಮುಂದಿನ ಸಾಲಿನಲ್ಲಿ ಕುಳಿತ ಫಾದರ್ ಅಥವಾ ಸಭಾಪಾಲಕರು ಮಧ್ಯಾಹ್ನ ಎರಡಕ್ಕೆ ಮೂವತ್ತು ಕಿಲೋಮೀಟರ್ ದೂರದ ಉಪಕೇಂದ್ರದಲ್ಲಿ ಇನ್ನೊಂದು ಆರಾಧನೆ ನಡೆಸಬೇಕಾದ್ದರಿಂದ ಗಡಿಯಾರವನ್ನೇ ನೋಡುತ್ತಿರುತ್ತಾರೆ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಧರ್ಮಕೇಂದ್ರದಲ್ಲಿ (ಕಥೋಲಿಕರ ಸ್ಥಳೀಯ ಚರ್ಚು) ಆರು ವರ್ಷ, ಫಾದರ್‌ಗೆ ನೆರವಾಗುವ ಪಾಲನಾ ಪರಿಷತ್ತಿನ ಕಾರ್ಯದರ್ಶಿಯಾಗಿದ್ದ ನಾನು ಇಂತಹ ಎರಡು ಉಪನ್ಯಾಸಗಳನ್ನು ಏರ್ಪಡಿಸಿದ್ದೇನೆ. ಎರಡನೆಯದು ಮುಗಿದ ಮೇಲೆ ಲೋಟ ತೊಳೆಯುತ್ತಿದ್ದವರೊಬ್ಬರು, ಬಂದಿದ್ದ ಆಪ್ತಸಮಾಲೋಚಕರು ಏನು ಹೇಳಿದರು ಎಂದು ನನ್ನನ್ನು ಕೇಳಿದಾಗ, ಕೆಲಸವನ್ನು ತಲೆಕೆಳಗಾಗಿ ಆರಂಭಿಸಿದ್ದೇವೆಂದು ನನಗೆ ಅರ್ಥವಾಯಿತು.

ಈ ಕೈಪಿಡಿ ಬೇರೊಂದು ಕ್ರಮವನ್ನು ಸೂಚಿಸುತ್ತದೆ: ಮೊದಲು ಕೆಲಸದ ಲೆಕ್ಕ, ಆಮೇಲೆ ವಿಶ್ರಾಂತಿಯ ಏರ್ಪಾಡು, ಅದರ ಜೊತೆಯಲ್ಲೇ ಕೂಲಿ ಮತ್ತು ದೂರಿನ ನ್ಯಾಯ, ಕೊನೆಗೆ ಮನಸ್ಸಿನ ನೋವನ್ನು ಕೇಳಿಸಿಕೊಳ್ಳುವ ವ್ಯವಸ್ಥೆ. ಕಥೋಲಿಕ ಧರ್ಮಕೇಂದ್ರವಾಗಲಿ, ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಾಗಲಿ, ಬಾಡಿಗೆ ಮನೆಯಲ್ಲಿ ನಡೆಯುವ ಸ್ವತಂತ್ರ ಪ್ರಾರ್ಥನಾ ಮಂದಿರವಾಗಲಿ, ಪದಗಳಷ್ಟೇ ಬದಲಾಗುತ್ತವೆ.

ಮೊದಲು ಲೆಕ್ಕ

ಒಂದು ನೋಟ್‌ಬುಕ್ ತೆಗೆದುಕೊಂಡು ನಾಲ್ಕು ವಾರಗಳ ಕಾಲ ಚರ್ಚಿನಲ್ಲಿ ನಡೆದ ಪ್ರತಿಯೊಂದು ಕೆಲಸವನ್ನೂ ಬರೆಯಿರಿ. ಕೆಲಸ ಯಾವುದು, ಮಾಡಿದವರು ಯಾರು, ಎಷ್ಟು ಹೊತ್ತು ಹಿಡಿಯಿತು, ಅದಕ್ಕೆ ಹಣ ಕೊಟ್ಟಿದ್ದೇವೋ ಇಲ್ಲವೋ, ಅವರು ಬಾರದಿದ್ದರೆ ಬದಲಿ ಯಾರು: ಈ ಐದು ಕಲಂ ಸಾಕು. ಬೀಗ ತೆಗೆಯುವುದು, ಗಂಟೆ ಬಾರಿಸುವುದು, ಬಲಿಪೀಠದ ಬಟ್ಟೆ ಒಗೆಯುವುದು, ಗಾಯನದ ಅಭ್ಯಾಸ, ಸಂಡೇ ಸ್ಕೂಲಿನ ತಯಾರಿ, ರಾತ್ರಿ ಹತ್ತಕ್ಕೆ ಬಂದ ಫೋನು, ಆಸ್ಪತ್ರೆಗೆ ಹೋಗಿಬಂದದ್ದು ಎಲ್ಲವೂ ಅದರಲ್ಲಿರಲಿ. ಫಾದರ್ ತಮ್ಮದನ್ನು ತಾವೇ ಬರೆಯಲಿ. ಸಭಾಪಾಲಕರಿಗೆ ಸಂಸಾರವಿದ್ದರೆ ಅವರ ಹೆಂಡತಿ ಮಾಡಿದ್ದನ್ನು ಪ್ರತ್ಯೇಕವಾಗಿ ಬರೆಯಬೇಕು, ಏಕೆಂದರೆ ಅನೇಕ ಸಭೆಗಳಲ್ಲಿ ಒಬ್ಬರಿಗೆ ಸಂಬಳ ಕೊಟ್ಟು ಇಬ್ಬರನ್ನು ದುಡಿಸಿಕೊಳ್ಳುವ ಪದ್ಧತಿ ಯಾರ ಗಮನಕ್ಕೂ ಬಾರದಂತೆ ಬೆಳೆದುಬಿಟ್ಟಿದೆ.

ಈ ಲೆಕ್ಕವನ್ನು ವರ್ಷಕ್ಕೆ ಎರಡು ಸಲ ಬರೆಯುವುದು ಒಳ್ಳೆಯದು. ಒಂದು ಜುಲೈನಲ್ಲಿ, ಮದುವೆಗಳು ಕಡಿಮೆಯಿದ್ದು, ಮಳೆಗೆ ರಸ್ತೆ ಕಡಿದು, ವಿದ್ಯುತ್ ಹೋಗಿ, ಒಂಟಿ ಮನೆಗಳು ಇನ್ನಷ್ಟು ಒಂಟಿಯಾಗುವ ಕಾಲದಲ್ಲಿ. ಇನ್ನೊಂದು ಡಿಸೆಂಬರಿನಲ್ಲಿ, ಅಡಿಕೆ ಕೊಯ್ಲೂ ಕ್ಯಾರಲ್ಸ್ ಓಡಾಟವೂ ಒಟ್ಟಿಗೆ ಬರುವಾಗ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು ಕೈ ತೊಳೆದುಕೊಂಡವರೇ ಬೆಳಿಗ್ಗೆ ಗೋದಲಿಗೆ ಹುಲ್ಲು ಹಾಸಲು ಬಂದಿರುತ್ತಾರೆ ಎಂಬ ಸಂಗತಿ ನಮ್ಮ ಪರಿಷತ್ತಿಗೆ ಆ ಎರಡನೆಯ ಲೆಕ್ಕದಿಂದಲೇ ಕಂಡದ್ದು. ಅದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ತೋರಿಸಿತು: ಚರ್ಚನ್ನು ಒಂಬತ್ತು ವರ್ಷದಿಂದ ಗುಡಿಸಿ ಒರೆಸುತ್ತಿದ್ದ ಹೆಂಗಸಿಗೆ ನಾವು ಕೊಡುತ್ತಿದ್ದುದು ಕ್ರಿಸ್ಮಸ್‌ಗೆ ಒಂದು ಸೀರೆ ಮತ್ತು ‘ಗೌರವಧನ’ ಎಂದು ಕರೆಯಲು ನಾಚಿಕೆಯಾಗುವಷ್ಟು ಹಣ.

ಐದನೆಯ ಕಲಂ, ಅಂದರೆ ಬದಲಿಯ ಕಲಂ, ಎಲ್ಲೆಲ್ಲಿ ಖಾಲಿ ಇದೆಯೋ ಅಲ್ಲಲ್ಲಿ ಯಾರೋ ಒಬ್ಬರು ಕಾಯಿಲೆ ಬೀಳುವ ಹಕ್ಕನ್ನೂ ಕಳೆದುಕೊಂಡಿದ್ದಾರೆ. ಆರಂಭಿಸಬೇಕಾದ್ದು ಆ ಖಾಲಿ ಜಾಗಗಳಿಂದ.

ವಿಶ್ರಾಂತಿಯನ್ನು ಏರ್ಪಡಿಸುವುದು

ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಕಾಂಡದ 20ನೆಯ ಅಧ್ಯಾಯ ಅದಕ್ಕೆ ಸೃಷ್ಟಿಯ ಏಳನೆಯ ದಿನವನ್ನು ಕಾರಣವಾಗಿ ಕೊಟ್ಟರೆ, ಧರ್ಮೋಪದೇಶಕಾಂಡದ 5ನೆಯ ಅಧ್ಯಾಯ ಐಗುಪ್ತದ ದಾಸತ್ವವನ್ನು ನೆನಪಿಸಿ, ಯಜಮಾನನಂತೆಯೇ ಅವನ ದಾಸದಾಸಿಯರೂ ದಣಿವಾರಿಸಿಕೊಳ್ಳಬೇಕೆಂದು ಹೇಳುತ್ತದೆ. ಪರಿಷತ್ತಿನ ಸಭೆಯಲ್ಲಿ ಈ ಎರಡನೆಯ ಭಾಗವನ್ನು ಓದಿ ಚರ್ಚೆಗೆ ತೊಡಗಿ. ಏಕೆಂದರೆ ಫಾದರ್‌ಗೆ ಒಂದು ದಿನ ರಜೆ ಕೊಟ್ಟು, ಆ ದಿನದ ಕೆಲಸವನ್ನೆಲ್ಲ ಸಿಸ್ಟರ್‌ಗಳ ಮೇಲೆಯೋ ಧರ್ಮಬೋಧನೆ ಮಾಡುವ ಉಪದೇಶಿಯ ಮೇಲೆಯೋ ಹಾಕಿದರೆ ದಣಿವು ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುತ್ತದೆ, ಅಷ್ಟೆ.

ಕಥೋಲಿಕ ಧರ್ಮಕೇಂದ್ರಗಳಲ್ಲಿ ರಜೆ ಕೇಳುವುದಕ್ಕೆ ಸಂಕೋಚ ಪಡಬೇಕಾದ ಕಾರಣವಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 533ನೆಯ ವಿಧಿಯ ಪ್ರಕಾರ, ಗಂಭೀರ ಅಡ್ಡಿಯಿಲ್ಲದಿದ್ದರೆ, ಧರ್ಮಕೇಂದ್ರದ ಗುರು ವರ್ಷಕ್ಕೆ ಒಂದು ತಿಂಗಳ ಕಾಲ ರಜೆಯ ಮೇಲೆ ಹೊರಗಿರಬಹುದು. ವಾರ್ಷಿಕ ಧ್ಯಾನಕೂಟದ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಧ್ಯಾನಕೂಟ ಬೇರೆ, ರಜೆ ಬೇರೆ ಎಂದು ಧರ್ಮಸಭೆಯ ಕಾನೂನೇ ಬೇರ್ಪಡಿಸಿರುವಾಗ, ಹೋದ ತಿಂಗಳು ತಾನೇ ಧ್ಯಾನಕ್ಕೆ ಹೋಗಿ ಬಂದಿರಲ್ಲ ಎಂಬ ಮಾತನ್ನು ಪರಿಷತ್ತಿನವರು ಆಡಬಾರದು.

ವಾರದ ರಜೆಯನ್ನು ನಿಶ್ಚಿತ ದಿನವಾಗಿ ಗೊತ್ತುಮಾಡಿ, ಭಾನುವಾರದ ಪ್ರಕಟಣೆಯಲ್ಲಿ ಮೂರು ವಾರ ಓದಿ ಹೇಳಿ. ಸೋಮವಾರ ಸಾಮಾನ್ಯವಾಗಿ ಅನುಕೂಲ. ಆ ದಿನ ಚರ್ಚಿನ ಫೋನು ಬೇರೊಬ್ಬರ ಕೈಯಲ್ಲಿರಬೇಕು, ಮತ್ತು ಆ ಬೇರೊಬ್ಬರಿಗೆ ಒಂದು ಚೀಟಿ ಕೊಡಬೇಕು: ಸಾವು ಮತ್ತು ಸಾಯುವ ಸ್ಥಿತಿಯಲ್ಲಿರುವವರ ಕರೆ ಬಂದರೆ ಪಕ್ಕದ ಧರ್ಮಕೇಂದ್ರದ ಗುರುಗಳಿಗೆ ತಿಳಿಸುವುದು, ಉಳಿದದ್ದಕ್ಕೆ ಮಂಗಳವಾರ ಬೆಳಿಗ್ಗೆ ಉತ್ತರ ಕೊಡುವುದು. ಮದುವೆಯ ಸರ್ಟಿಫಿಕೇಟು ಮಂಗಳವಾರದವರೆಗೆ ಕಾಯುತ್ತದೆ. ಪಕ್ಕದ ಗುರುಗಳೊಂದಿಗೆ ಇದನ್ನು ಮೊದಲೇ ಮಾತಾಡಿಕೊಂಡು, ಅವರ ರಜೆಯ ದಿನ ನಿಮ್ಮವರು ಅವರ ಕಡೆಯ ಕರೆ ನೋಡಿಕೊಳ್ಳುವಂತೆ ಒಪ್ಪಂದ ಮಾಡಿಕೊಳ್ಳಿ. ಸ್ವತಂತ್ರ ಸಭೆಗಳ ಪಾಸ್ಟರ್‌ಗಳಿಗೆ ಇದು ಹೆಚ್ಚು ಕಷ್ಟ, ಏಕೆಂದರೆ ಅವರಲ್ಲಿ ಅನೇಕರು ಹಗಲು ಬೇರೆ ದುಡಿಮೆ ಮಾಡಿ ಸಂಜೆ ಸಭೆ ನಡೆಸುತ್ತಾರೆ. ಅವರಿಗೆ ತಿಂಗಳಿಗೆ ಒಂದು ಭಾನುವಾರ ಪ್ರಸಂಗ ಮಾಡುವ ಬದಲಿಯನ್ನು ಸಭೆಯ ಒಳಗಿಂದಲೇ ತಯಾರು ಮಾಡಬೇಕಾಗುತ್ತದೆ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಜನರ ನ್ಯಾಯ ತೀರಿಸುತ್ತಿದ್ದುದನ್ನು ಕಂಡು, ಇದರಿಂದ ನೀನೂ ಬಳಲುವೆ, ಜನರೂ ಬಳಲುವರು ಎಂದು ಅವನ ಮಾವ ಹೇಳಿದ ಪ್ರಸಂಗ ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ. ಅಂತಹ ಒಬ್ಬ ಮಾವ ಪ್ರತಿ ಸಭೆಯಲ್ಲೂ ಇರಬೇಕು.

ಅಡುಗೆ ಮತ್ತು ಕಾಫಿಯ ವಿಷಯಕ್ಕೆ ಬಂದರೆ, ಸರದಿ ಪಟ್ಟಿಯಲ್ಲಿ ಗಂಡಸರ ಹೆಸರೂ ಇರಲಿ; ಹಬ್ಬದ ಊಟವನ್ನು ವರ್ಷಕ್ಕೆ ಒಂದು ಸಲವಾದರೂ ಹಣ ಕೊಟ್ಟು ಅಡುಗೆಯವರಿಂದ ಮಾಡಿಸಿ. ಮೊಂತಿ ಹಬ್ಬದ (ಮಾತೆ ಮರಿಯಮ್ಮನವರ ಜನ್ಮದಿನ) ದಿನ ಹೊಸ ತೆನೆಯ ಊಟಕ್ಕೆ ಮನೆಯ ಹೆಂಗಸರ ಕೈಯೇ ಆಗಬೇಕೆಂದು ವಾದಿಸುವವರು ನಮ್ಮಲ್ಲೂ ಇದ್ದರು. ಪಾತ್ರೆ ತೊಳೆಯುವ ಸರದಿಗೆ ಹೆಸರು ಕೊಡಿ ಎಂದು ಕೇಳಿದ ಮೇಲೆ ವಾದ ನಿಂತಿತು.

ವಿಶ್ರಾಂತಿಯಿಂದ ಎಲ್ಲವೂ ಸರಿಯಾಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ‘ಬರ್ನ್‌ಔಟ್’ ಎಂಬುದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ದುಡಿಮೆಗೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿದೆ: ಶಕ್ತಿ ಬತ್ತಿಹೋಗುವುದು, ಕೆಲಸದ ಮೇಲೆ ಜಿಗುಪ್ಸೆ, ಮಾಡಿದ್ದು ಯಾವುದೂ ಫಲಿಸುತ್ತಿಲ್ಲವೆಂಬ ಭಾವನೆ. ಇದಕ್ಕೆ ಕೆಲಸದ ಹೊರೆ ಇಳಿಸುವುದೇ ಮುಖ್ಯ ಪರಿಹಾರ. ಖಿನ್ನತೆ ಹಾಗಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಸಿದಿದ್ದು, ಯಾವುದರಲ್ಲೂ ರುಚಿಯಿಲ್ಲದೆ, ನಿದ್ದೆ ಊಟ ಕೆಟ್ಟು, ರಜೆಯ ಮೇಲೆ ಊರಿಗೆ ಹೋದರೂ ಅದೇ ಭಾರ ಜೊತೆಗೇ ಬಂದರೆ ವೈದ್ಯರನ್ನು ಕಾಣಬೇಕು. 1 ಅರಸುಗಳ 19ನೆಯ ಅಧ್ಯಾಯದಲ್ಲಿ ಅಡವಿಯ ಗಿಡದ ಕೆಳಗೆ ಕುಳಿತು ಸಾವನ್ನೇ ಕೇಳಿಕೊಂಡ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟ, ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೆ ಊಟ ಕೊಟ್ಟ. ಮಾತುಕತೆ ಅದೆಷ್ಟೋ ದಿನಗಳ ನಂತರ ಬೆಟ್ಟದ ಮೇಲೆ ನಡೆಯಿತು. ಈ ಅನುಕ್ರಮವನ್ನು ಮನೆಭೇಟಿಗೆ ಹೋಗುವವರು ಮನಸ್ಸಿನಲ್ಲಿಟ್ಟುಕೊಂಡರೆ ಸಾಕಷ್ಟು ಅನಾಹುತ ತಪ್ಪುತ್ತದೆ.

ಫಾದರ್ ಅಥವಾ ಪಾಸ್ಟರ್ ಅವರಿಗೇ ಮನಸ್ಸಿನ ಕಷ್ಟ ಬಂದರೆ, ಅವರ ವರ್ಗಾವಣೆಯನ್ನು ನಿರ್ಧರಿಸುವ ವ್ಯಕ್ತಿಯೇ ಅದನ್ನು ಕೇಳಿಸಿಕೊಳ್ಳುವವರೂ ಆಗಬಾರದು. ದೂರದ ಊರಿನ ಒಬ್ಬ ವೈದ್ಯರು, ಅದರ ಖರ್ಚಿಗೆ ಪರಿಷತ್ತು ಪ್ರಶ್ನೆ ಕೇಳದೆ ಎತ್ತಿಟ್ಟ ಸಣ್ಣ ಮೊತ್ತ, ಇಷ್ಟಿದ್ದರೆ ಸಾಕು.

ಕೂಲಿ ಮತ್ತು ದೂರು

ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿ ಕೂಗುತ್ತದೆ ಎಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಹೇಳುವುದನ್ನು ನಾವು ತೋಟದ ಮಾಲೀಕರಿಗೆ ಮಾತ್ರ ಅನ್ವಯಿಸುತ್ತೇವೆ. ಚರ್ಚಿನ ಕಸ ಗುಡಿಸುವವರು, ಅಡುಗೆಯವರು, ಕಾವಲಿನವರು, ಉಪದೇಶಿಗಳು ಇವರೆಲ್ಲರ ಸಂಬಳವನ್ನು ಬರಹದಲ್ಲಿ ಗೊತ್ತುಮಾಡಿ, ವಾರದ ರಜೆಯನ್ನು ಅದರಲ್ಲೇ ನಮೂದಿಸಿ, ಬ್ಯಾಂಕ್ ಖಾತೆಗೆ ಹಾಕಿ. ಸರ್ಕಾರದ ಕನಿಷ್ಠ ವೇತನದ ದರಪಟ್ಟಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಅದು ಚರ್ಚಿಗೆ ಅನ್ವಯಿಸುತ್ತದೆಯೇ ಎಂಬ ವಾದದಲ್ಲಿ ಒಂದು ಸಂಜೆ ಕಳೆಯುವುದಕ್ಕಿಂತ ಹಣ ಹೊಂದಿಸುವ ದಾರಿ ಹುಡುಕುವುದು ಲೇಸು. ನಮ್ಮಲ್ಲಿ ಹಬ್ಬದ ಸೀರಿಯಲ್ ಸೆಟ್ಟಿನ ದೀಪಗಳ ಖರ್ಚನ್ನು ಅರ್ಧಕ್ಕೆ ಇಳಿಸಿದಾಗ ಹಣ ಸಿಕ್ಕಿತು.

ಮನೆಭೇಟಿಯ ರಿಜಿಸ್ಟರನ್ನೂ ಒಮ್ಮೆ ತೆರೆದು ನೋಡಿ. ಹೋದ ವರ್ಷ ಯಾರ ಮನೆಗೆ ಎಷ್ಟು ಸಲ ಹೋಗಿದ್ದೇವೆ? ಕಾರು ನಿಲ್ಲಿಸಲು ಜಾಗವಿರುವ ಮನೆಗಳಿಗೆ ಮೂರು ಸಲ, ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳಿಗೆ ಒಂದು ಸಲವೂ ಇಲ್ಲ ಎಂಬುದು ಕೊಪ್ಪ, ಬಾಳೆಹೊನ್ನೂರು ಕಡೆಯ ಗೆಳೆಯರು ತಮ್ಮ ರಿಜಿಸ್ಟರಿನಲ್ಲಿ ಕಂಡ ಸಂಗತಿ. ನಮ್ಮದೂ ಬಹಳ ಬೇರೆಯಾಗಿರಲಿಲ್ಲ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಒಂದು ಭಾಷೆಯವರ ವಿಧವೆಯರಿಗೆ ದಿನನಿತ್ಯದ ಪಾಲು ತಪ್ಪುತ್ತಿದೆ ಎಂಬ ಗೊಣಗಾಟ ಎದ್ದಾಗ ಆದಿ ಸಭೆ ಅದನ್ನು ಗೊಣಗಾಟವೆಂದು ತಳ್ಳಿಹಾಕದೆ, ಆ ಕೆಲಸಕ್ಕೆಂದೇ ಏಳು ಜನರನ್ನು ನೇಮಿಸಿತು. ಕೊಂಕಣಿ, ಮಲಯಾಳ, ತಮಿಳು, ಕನ್ನಡ ಮನೆಮಾತಿನವರು ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವ ನಮ್ಮ ಚರ್ಚುಗಳಿಗೆ ಆ ಅಧ್ಯಾಯ ಹಳೆಯದಾಗಿಲ್ಲ.

ದೌರ್ಜನ್ಯದ ದೂರಿನ ವಿಷಯದಲ್ಲಿ ಮಾತ್ರ ನಮ್ಮ ವಿವೇಚನೆಗೆ ಬಿಟ್ಟದ್ದು ಬಹಳ ಕಡಿಮೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಂ ವಿಧಿಸುತ್ತದೆ, ತಿಳಿಸದಿರುವುದು ಶಿಕ್ಷಾರ್ಹ. ಆಂತರಿಕ ವಿಚಾರಣೆ ಮುಗಿಯಲಿ ಎಂದು ಕಾಯುವಂತಿಲ್ಲ. ಮಕ್ಕಳ ಸಹಾಯವಾಣಿ 1098. ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳದ ಬಗ್ಗೆ 2013ರ ಕಾಯ್ದೆಯಿದೆ: ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ಅದಕ್ಕಿಂತ ಕಡಿಮೆಯಿದ್ದರೆ, ಅಥವಾ ದೂರು ಉದ್ಯೋಗದಾತರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಈ ವಿವರಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಹೆಂಗಸರು ಓದುವ ಜಾಗದಲ್ಲಿ ಅಂಟಿಸಿ. ನೋಟಿಸ್ ಬೋರ್ಡಿನ ಮುಂದೆ ನಿಂತು ಓದಿದರೆ ಯಾರಾದರೂ ನೋಡುತ್ತಾರೆ, ಆದ್ದರಿಂದ ಶೌಚಾಲಯದ ಬಾಗಿಲ ಒಳಬದಿ ಉತ್ತಮ.

ಕೇಳಿಸಿಕೊಳ್ಳುವವರನ್ನು ಆರಿಸುವುದು

ಇಷ್ಟಾದ ಮೇಲೆ ಮಾತ್ರ ಕೇಳುಗರ ಗುಂಪನ್ನು ಕಟ್ಟಿ. ಮೂರು ನಾಲ್ಕು ಜನ ಸಾಕು, ಅರ್ಧದಷ್ಟಾದರೂ ಹೆಂಗಸರಿರಲಿ. ಚೆನ್ನಾಗಿ ಮಾತಾಡುವವರು ಈ ಕೆಲಸಕ್ಕೆ ಬೇಡ. ಊರಿನ ಸುದ್ದಿ ಯಾರ ಬಳಿ ಹೋಗಿ ನಿಂತುಬಿಡುತ್ತದೆಯೋ, ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲವೋ, ಅಂಥವರನ್ನು ಹುಡುಕಿ. ಎಲ್ಲರಿಗೂ ಕಾಣುವ, ಆದರೆ ಮಾತು ಕೇಳಿಸದ ಜಾಗದಲ್ಲಿ, ಬಾಗಿಲು ತೆರೆದೇ ಕುಳಿತುಕೊಳ್ಳುವ ನಿಯಮವಿರಲಿ. ಪಾಪನಿವೇದನೆಯ ಗುಟ್ಟು ಯಾವ ಕಾರಣಕ್ಕೂ ಮುರಿಯಲಾಗದ್ದು. ಕೇಳುಗರ ಗುಟ್ಟು ಹಾಗಲ್ಲ ಎಂಬುದನ್ನು ಮಾತು ಆರಂಭಿಸುವ ಮೊದಲೇ ಹೇಳಬೇಕು: ನಿಮ್ಮ ಪ್ರಾಣಕ್ಕೆ, ಇನ್ನೊಬ್ಬರ ಪ್ರಾಣಕ್ಕೆ, ಅಥವಾ ಒಂದು ಮಗುವಿಗೆ ಅಪಾಯವಿದ್ದರೆ ಬೇರೆಯವರ ಸಹಾಯ ತೆಗೆದುಕೊಳ್ಳುತ್ತೇನೆ, ಉಳಿದದ್ದು ನನ್ನಲ್ಲೇ ಇರುತ್ತದೆ.

ನಮ್ಮ ಕಡೆಯವರು ಖಿನ್ನತೆ ಎಂಬ ಪದವನ್ನು ಹೇಳುವುದಿಲ್ಲ. ಬೇಜಾರು, ತಲೆಬಿಸಿ, ಯಾಕೋ ಆಗ್ತಿಲ್ಲ, ಮೈಯೆಲ್ಲ ಸುಸ್ತು ಎನ್ನುತ್ತಾರೆ; ಪ್ರಾರ್ಥನೆಯ ಚೀಟಿಯಲ್ಲಿ ಎದೆನೋವು, ಗ್ಯಾಸ್ಟ್ರಿಕ್ ಎಂದು ಬರೆಯುತ್ತಾರೆ. ಒಂದೇ ಮನೆಯ ಚೀಟಿ ಮೂರು ತಿಂಗಳು ಬರುತ್ತಿದ್ದರೆ, ಎಲೆಚುಕ್ಕೆ ರೋಗಕ್ಕೆ ತೋಟ ಹೋದ ಮನೆಯ ಗಂಡಸು ಆರಾಧನೆಗೆ ಬರುವುದನ್ನು ನಿಲ್ಲಿಸಿದ್ದರೆ, ಹೆರಿಗೆಯಾದ ಹೆಂಗಸು ಮಗುವಿನ ಮುಖವನ್ನೇ ನೋಡುತ್ತಿಲ್ಲವೆಂದು ಅತ್ತೆ ದೂರಿದರೆ, ಕೇಳುಗರು ಆ ಮನೆಗೆ ಹೋಗಬೇಕು.

ಮಾತ್ರೆ ನಿಲ್ಲಿಸಿ ವಿಶ್ವಾಸವಿಡು ಎಂದು ಯಾರೂ ಹೇಳಕೂಡದು. ಉಪವಾಸ ಕೂಟಕ್ಕೆ ಬರುವ ಅತಿಥಿ ಪ್ರಸಂಗಿಗಳಿಗೂ ಇದನ್ನು ಮೊದಲೇ ತಿಳಿಸಿ. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕಾಗುತ್ತದೆ, ಅದರಿಂದಾಗಿ ನಡುವೆಯೇ ಬಿಟ್ಟುಬಿಡುವವರು ಅನೇಕರು. ಆ ದಿನಗಳಲ್ಲಿ ಪಕ್ಕದಲ್ಲಿರುವುದು ಕೇಳುಗರ ಮುಖ್ಯ ಕೆಲಸ. ತೀವ್ರ ಕಾಯಿಲೆಗಳ ಬಗ್ಗೆಯೂ ಎದೆಗುಂದಬೇಕಿಲ್ಲ. ನಿಮ್ಹಾನ್ಸ್ ವೈದ್ಯರು 2005ರಿಂದ ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಸ್ಕಿಜೋಫ್ರೇನಿಯಾ ಇರುವವರನ್ನು ಊರಿನಲ್ಲಿಟ್ಟುಕೊಂಡೇ ಉಪಚರಿಸುವ ಕಾರ್ಯಕ್ರಮ ನಡೆಸಿದ್ದಾರೆ, ಮತ್ತು ಚಿಕಿತ್ಸೆ ಮುಂದುವರಿಸಿದವರು ಮತ್ತೆ ದುಡಿಮೆಗೆ ಮರಳಿದ್ದನ್ನು ಇಲ್ಲಿಯವರು ಕಣ್ಣಾರೆ ಕಂಡಿದ್ದಾರೆ. ಕಾಯಿಲೆಯವರಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಪ್ರಾರ್ಥನೆಯಿಂದ ಕಾಯಿಲೆ ಬಿಡಿಸುತ್ತೇವೆಂದು ಹಾಗೆ ಸರಪಳಿ ಹಾಕುವ ‘ಬಿಡುಗಡೆ ಕೇಂದ್ರ’ಗಳಿಗೆ ನಿಮ್ಮ ಸಭೆಯಿಂದ ಯಾರನ್ನೂ ಕಳಿಸಬೇಡಿ.

ಎಲ್ಲಿಗೆ ಕರೆದೊಯ್ಯಬೇಕು ಎಂಬುದಕ್ಕೆ ಒಂದು ಚೀಟಿ ಸಿದ್ಧವಿರಲಿ: ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗದ ಸಮಯ, ಬಸ್ಸಿನ ಸಮಯ. 14416 ಟೆಲಿ ಮಾನಸ್ ಸಹಾಯವಾಣಿ; 2022ರ ಅಕ್ಟೋಬರ್ 10ರಂದು ಆರಂಭವಾದ ಇದು ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. ಸಿಗದಿರುವುದು ಸಿಗ್ನಲ್. ಆದ್ದರಿಂದ ಪ್ರತಿ ವಾರ್ಡಿನಲ್ಲಿ ಫೋನ್ ಹತ್ತುವ ಜಾಗ ಯಾವುದು, ಯಾರ ಮನೆಯಲ್ಲಿ ವೈಫೈ ಇದೆ, ರಾತ್ರಿ ಜೀಪು ಯಾರದು ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದಿಡಿ. ಹೋಗುವ ದಿನ ಜೊತೆಗೆ ಹೋಗಿ, ಬಸ್ ಚಾರ್ಜು ಚರ್ಚೇ ಕೊಡಲಿ.

ಪ್ರಾಣಾಪಾಯವಿದ್ದಾಗ

ಇದ್ದು ಏನು ಪ್ರಯೋಜನ ಎಂಬ ಮಾತು ಬಂದರೆ ನೇರವಾಗಿ ಕೇಳಿ: ಸಾಯಬೇಕೆಂದು ಅನ್ನಿಸುತ್ತಿದೆಯೇ? ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಳಗೆ ಒಬ್ಬರೇ ಹೊತ್ತದ್ದನ್ನು ಕೆಳಗಿಡಲು ಅವಕಾಶ ಸಿಗುತ್ತದೆ. ಹೌದು ಎಂದರೆ ಬೈಯಬೇಡಿ, ನರಕದ ಮಾತು ಎತ್ತಬೇಡಿ, ಒಂಟಿಯಾಗಿ ಬಿಡಬೇಡಿ. ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕದ ಡಬ್ಬಿಗಳು ಅಟ್ಟದ ಮೇಲೋ ಬಚ್ಚಲ ಮೂಲೆಯಲ್ಲೋ ಇರುತ್ತವೆ. ಅವನ್ನು ಅದೇ ದಿನ ಬೇರೆ ಮನೆಗೆ ಸಾಗಿಸಿ ಬೀಗ ಹಾಕಿಸುವುದು, ಕೋವಿ ಇದ್ದರೆ ಅದನ್ನೂ ದೂರ ಮಾಡಿಸುವುದು, ನಾವು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ. ಆ ಗಳಿಗೆ ದಾಟಿಸಿದರೆ ಅನೇಕರು ಬದುಕುತ್ತಾರೆ. ಅಂದು ಸಂಜೆ, ಮರುದಿನ, ವಾರದ ನಂತರ ಮತ್ತೆ ಹೋಗಿ. ಪ್ರಯತ್ನ ಆಗಿಯೇ ಹೋಗಿದ್ದರೆ ಕೇಸಿಗೆ ಹೆದರಿ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. 2017ರ ಕಾಯ್ದೆಯ 115ನೆಯ ಕಲಂ ಅಂತಹವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.

ಸಾವು ಸಂಭವಿಸಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಮಣ್ಣಿನದು. 1917ರ ಕಥೋಲಿಕ ಸಂಹಿತೆ ಇಂಥವರಿಗೆ ಧಾರ್ಮಿಕ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿದೆ. ಅಜ್ಜ ಅಜ್ಜಿಯರ ಕಾಲದ ಭಯ ಮಾತ್ರ ಇನ್ನೂ ಉಳಿದಿರುವುದರಿಂದ, ಶವ ಮನೆಯಲ್ಲಿರುವಾಗಲೇ ಫಾದರ್ ಹೋಗಿ ಎಲ್ಲರಿಗೂ ನೀಡುವಂತಹ ಬಲಿಪೂಜೆ, ಎಲ್ಲರಿಗೂ ಇರುವ ಸಮಾಧಿ ಜಾಗ ಎಂದು ಕುಟುಂಬಕ್ಕೆ ಹೇಳಬೇಕು. ಪ್ರಸಂಗದಲ್ಲಿ ವಿಧಾನದ ವಿವರ ಬೇಡ, ಕಾರಣದ ಊಹೆ ಬೇಡ. ವಾಚನಕ್ಕೆ 88ನೆಯ ಕೀರ್ತನೆಯನ್ನು ನಾನು ಸೂಚಿಸುತ್ತೇನೆ. ಅದು ಸಮಾಧಾನದ ಮಾತಿಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ, ಮತ್ತು ಆ ಮನೆಯವರು ಆಗ ಇರುವುದೂ ಅಲ್ಲಿಯೇ. ನಲವತ್ತನೆಯ ದಿನದ ನಂತರ ಊರು ಆ ಮನೆಗೆ ಹೋಗುವುದನ್ನು ನಿಲ್ಲಿಸುತ್ತದೆ. ಕೇಳುಗರ ಭೇಟಿ ಆಗ ಆರಂಭವಾಗಲಿ.

ಕೇಳುಗರೂ ದಣಿಯುತ್ತಾರೆ. ನಮ್ಮಲ್ಲಿ ಎರಡು ತಿಂಗಳು ಕೇಳಿದವರು ಮೂರನೆಯ ತಿಂಗಳು ಯಾವ ಮನೆಗೂ ಹೋಗುವುದಿಲ್ಲ, ಅವರ ಫೋನೂ ಬೇರೆಯವರ ಬಳಿಯಿರುತ್ತದೆ. ಆ ನೋಟ್‌ಬುಕ್ಕಿನ ಐದನೆಯ ಕಲಂನಲ್ಲಿ ಈಗ ಅವರ ಬದಲಿಯ ಹೆಸರೂ ಇದೆ. ನಾನು ಹುದ್ದೆ ಬಿಟ್ಟಾಗ ಹೊಸ ಕಾರ್ಯದರ್ಶಿಗೆ ಬೀರುವಿನ ಕೀಲಿಯ ಜೊತೆ ಕೊಟ್ಟದ್ದು ಅದೊಂದೇ ಪುಸ್ತಕ.